ಎಲ್‌ಎಸ್‌ಯು 46, ಅಲಬಾಮ 41: ಜೋ ಬರ್ರೋ ಒಂದೇ ವರ್ಷದಲ್ಲಿ ಬದಲಾದದ್ದು ಎಲ್ಲಿ?

ಮೂರನೇ_ಡೌನ್

ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಮಾತು ಇದು; ಬರ್ರೋ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಅದೇ ಕ್ವಾರ್ಟರ್‌ಬ್ಯಾಕ್, ಅದೇ ಎದುರಾಳಿ, ನಡುವೆ ಒಂದೇ ವರ್ಷ. 2018ರ ನವೆಂಬರ್ 3ರಂದು ಬ್ಯಾಟನ್ ರೂಜ್‌ನಲ್ಲಿ ಅಲಬಾಮ ಎದುರು ಎಲ್‌ಎಸ್‌ಯು 0-29ರಿಂದ ಸೋತಿತು. ಅಂದು ಬರ್ರೋ ಎಸೆದದ್ದು 35, ರಿಸೀವರ್ ಕೈ ಸೇರಿದ್ದು 18, ಸಿಕ್ಕಿದ್ದು 184 ಯಾರ್ಡ್, ಜೊತೆಗೊಂದು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). 2019ರ ನವೆಂಬರ್ 9ರಂದು ಟಸ್ಕಲೂಸಾದಲ್ಲಿ, ಅಂದರೆ ಅವರ ಮನೆಯಂಗಳದಲ್ಲೇ, 39ಕ್ಕೆ 31, 393 ಯಾರ್ಡ್, 3 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ಸೇರಿಸಿದ್ದು), ಇಂಟರ್‌ಸೆಪ್ಷನ್ ಸೊನ್ನೆ. 2011ರ ನವೆಂಬರ್‌ನ 9-6ರ ಗೆಲುವಿನ ನಂತರ ಅಲಬಾಮಕ್ಕೆ ಸತತ 8 ಸಲ ಸೋತಿದ್ದ ತಂಡ ಇದು.

ಕಾಲೇಜ್ ಪಾಸರ್ ರೇಟಿಂಗ್ ಸೂತ್ರ ಹಾಕಿ ನೋಡಿದೆ. ಯಾರ್ಡ್ ಗುಣಿಸು 8.4, ಟಚ್‌ಡೌನ್ ಗುಣಿಸು 330, ಪೂರ್ಣಗೊಂಡ ಎಸೆತ ಗುಣಿಸು 100, ಮೂರನ್ನೂ ಕೂಡಿಸಿ, ಇಂಟರ್‌ಸೆಪ್ಷನ್‌ಗೆ 200ರಂತೆ ಕಳೆದು, ಒಟ್ಟು ಎಸೆತದಿಂದ ಭಾಗಿಸಬೇಕು. 2018ರ ಪಂದ್ಯಕ್ಕೆ 89.9 ಬರುತ್ತದೆ, 2019ರದಕ್ಕೆ 189.5. ಇಡೀ ಸೀಸನ್ನಿನ ಲೆಕ್ಕ 133.2ರಿಂದ 202.0ಕ್ಕೆ ಏರಿದೆ.

ನನ್ನ ವಾದ ಇಷ್ಟು: ಆತನ ತೋಳು ಬದಲಾಗಲಿಲ್ಲ. ಸ್ನ್ಯಾಪ್‌ಗೆ (ಚೆಂಡು ಆಟಕ್ಕೆ ಬರುವ ಕ್ಷಣ) ಮುಂಚೆ ಆತನಿಗೆ ಕಾಣಿಸುತ್ತಿದ್ದದ್ದು ಬದಲಾಯಿತು. ಒಪ್ಪದವರು ಬನ್ನಿ.

ಉಡುಪಿ_ಆಡಿಬಲ್

ಅರ್ಧ ಒಪ್ಪಿದೆ ಮಾರಾಯ್ರೆ. ಆದರೆ "ಕಾಣಿಸುತ್ತಿದ್ದದ್ದು ಬದಲಾಯಿತು" ಅಂತ ಹೇಳಿ ಬಿಟ್ಟರೆ ಸಾಲದು, ಹೇಗೆ ಅಂತ ಬಿಡಿಸಿ ಹೇಳಬೇಕಲ್ಲ.

2018ರಲ್ಲಿ ಎಲ್‌ಎಸ್‌ಯು ಹಳೇ ಮಾದರಿಯ ತಂಡ. ಎದುರಾಳಿಯನ್ನು ತಡೆಯುವ ಟೈಟ್ ಎಂಡ್, ಫುಲ್‌ಬ್ಯಾಕ್ ಎಲ್ಲ ಸೇರಿ ಒಳಗೆ ಗುಂಪು. ಹಾಗೆ ನಿಂತರೆ ಎದುರಿನ ಡಿಫೆನ್ಸ್ ಕೂಡ ಒಳಗೇ ಗುಂಪು ಕಟ್ಟುತ್ತದೆ. ಯಾರು ನುಗ್ಗುತ್ತಾನೆ, ಯಾರು ಹಿಂದೆ ಸರಿಯುತ್ತಾನೆ ಅಂತ ಸ್ನ್ಯಾಪ್ ಆಗುವವರೆಗೆ ತಿಳಿಯುವುದಿಲ್ಲ.

2019ರ ಜನವರಿಯಲ್ಲಿ ವೃತ್ತಿಪರ ಲೀಗಿನ ಸೇಂಟ್ಸ್ ತಂಡದಿಂದ ಕೋಚ್ ಜೋ ಬ್ರೇಡಿ ಬಂದ ಮೇಲೆ ಎಂಪ್ಟಿ ಫಾರ್ಮೇಷನ್ ದಿನದ ಊಟವಾಯಿತು. ಬ್ಯಾಕ್‌ಫೀಲ್ಡ್ ಪೂರಾ ಖಾಲಿ, ಬರ್ರೋ ಒಬ್ಬನೇ. ಒಂದು ಬದಿಗೆ ಮೂವರು, ಇನ್ನೊಂದು ಬದಿಗೆ ಇಬ್ಬರು. ಮುಖ್ಯ ಸೂಕ್ಷ್ಮ ಇಲ್ಲುಂಟು: ಆ ಐವರಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಮತ್ತು ಟೈಟ್ ಎಂಡ್ ಥ್ಯಾಡಿಯಸ್ ಮಾಸ್ ಕೂಡ ಇದ್ದರು. ರನ್ನಿಂಗ್ ಬ್ಯಾಕ್ ಸೈಡ್‌ಲೈನ್ ಹತ್ತಿರ ಹೋಗಿ ನಿಂತಾಗ ಅವನ ಹಿಂದೆ ಡಿಫೆನ್ಸಿನ ನಡುವೆ ನಿಲ್ಲುವ ಲೈನ್‌ಬ್ಯಾಕರ್ ಓಡಿಹೋದರೆ ಅದು ಮ್ಯಾನ್ ಕವರೇಜ್, ಅಂದರೆ ಒಬ್ಬನಿಗೊಬ್ಬ ಕಾವಲು. ಅಂಚು ಕಾಯುವ ಕಾರ್ನರ್‌ಬ್ಯಾಕ್ ಅಲ್ಲೇ ನಿಂತು, ಲೈನ್‌ಬ್ಯಾಕರ್ ಒಳಗೇ ಉಳಿದರೆ ಹೆಚ್ಚಾಗಿ ಝೋನ್, ಅಂದರೆ ಆಳಿನ ಬದಲು ಜಾಗ ಕಾಯುವುದು. ಚೆಂಡು ಮುಟ್ಟುವ ಮೊದಲೇ ಅರ್ಧ ಉತ್ತರ ಪತ್ರಿಕೆ ಕೈಗೆ ಬಂತು. ಎಡ್ವರ್ಡ್ಸ್-ಹೆಲೇರ್ ಆ ಸೀಸನ್‌ನಲ್ಲಿ 55 ಕ್ಯಾಚ್ ಹಿಡಿದ, ಹಾಗಾಗಿ ಅವನನ್ನು ಬರೀ ಗೊಂಬೆ ಅಂತ ಯಾರೂ ಬಿಡುವ ಹಾಗಿರಲಿಲ್ಲ.

ಸೆಕೆಂಡರಿ_ಸುಮಾ

ಎಂಪ್ಟಿಯನ್ನು ಹೊಗಳುವವರು ಅದರ ಸಾಲದ ಪುಸ್ತಕ ತೆರೆಯುವುದೇ ಇಲ್ಲ.

ಕ್ವಾರ್ಟರ್‌ಬ್ಯಾಕ್ ಕಾಯಲು ಐವರು ಲೈನ್‌ಮನ್, ಅಷ್ಟೇ. ಡಿಫೆನ್ಸ್ ಆರು ಜನರನ್ನು ನುಗ್ಗಿಸಿದರೆ ಒಬ್ಬ ಖಂಡಿತ ಬಿಡುವಾಗಿ ಬರುತ್ತಾನೆ. ಅವನನ್ನು ತಡೆಯುವುದು ಯಾರ ಕೆಲಸವೂ ಅಲ್ಲ. ಅವನು ಬರುವ ಮುಂಚೆ ಚೆಂಡು ಕೈಬಿಡಬೇಕು, ಅದು ಕ್ವಾರ್ಟರ್‌ಬ್ಯಾಕ್ ತಲೆಯ ಮೇಲಿನ ಹೊರೆ. ಶಾಟ್‌ಗನ್‌ನಲ್ಲಿ ಸೆಂಟರ್‌ನಿಂದ ಸುಮಾರು 5 ಯಾರ್ಡ್ ಹಿಂದೆ ನಿಂತು ಚೆಂಡು ಹಿಡಿದವನು ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ ನಿರ್ಧಾರ ಮುಗಿಸಿರಬೇಕು. ಹಾಗೆ ಮಾಡಲಾಗದ ಹುಡುಗನಿಗೆ ಎಂಪ್ಟಿ ಕೊಟ್ಟರೆ ಮೂರು ಥರ ಕೆಡುತ್ತದೆ: ಮೊದಲ ರಿಸೀವರ್‌ನನ್ನೇ ದಿಟ್ಟಿಸುತ್ತಾ ನಿಂತು, ಹಿಂದೆ ಕಾಯುವ ಸೇಫ್ಟಿಗೆ ದಾರಿ ತೋರಿಸುತ್ತಾನೆ, ಇಲ್ಲವೇ ಹೆದರಿ ಹಿಂದೆ ಹಿಂದೆ ಸರಿದು ಲೈನಿನ ತುದಿಯ ಟ್ಯಾಕಲ್‌ನ ಬ್ಲಾಕ್ ಹಾಳುಮಾಡುತ್ತಾನೆ, ಇಲ್ಲವೇ ಒಂದು ಕೈಯಲ್ಲಿ ಚೆಂಡು ಹಿಡಿದು ಓಡಾಡಿ, ಹಿಂದಿನಿಂದ ಬಂದವನ ಕೈ ತಗುಲಿ ಫಂಬಲ್, ಅಂದರೆ ಚೆಂಡು ಕೈಜಾರುತ್ತದೆ.

ಎರಡನೆಯದನ್ನು ಗಮನವಿಟ್ಟು ನೋಡಿ. ಟ್ಯಾಕಲ್ ತನ್ನ ಎದುರಾಳಿಯನ್ನು ಹೊರಸುತ್ತಿನಲ್ಲಿ ತಳ್ಳುತ್ತಾ ಹೋಗುವುದೇ ಕ್ವಾರ್ಟರ್‌ಬ್ಯಾಕ್ ಮುಂದೆ ಇದ್ದಾನೆ ಎಂಬ ನಂಬಿಕೆಯಲ್ಲಿ. ಇವನು ಹಿಂದೆ ಸರಿದನೋ, ಆ ಸುತ್ತು ಸೀದಾ ಇವನ ಬೆನ್ನಿಗೇ ಬಂದು ಮುಗಿಯುತ್ತದೆ. ಬರ್ರೋ ಮುಂದೆ ಹೆಜ್ಜೆ ಹಾಕುತ್ತಾನೆ, ಎರಡು ಕೈಯಲ್ಲಿ ಚೆಂಡನ್ನು ಎದೆಗವುಚಿಕೊಂಡು, ಕಣ್ಣು ಮಾತ್ರ ದೂರಕ್ಕೆ ನೆಟ್ಟು. ಇದು ಫಾರ್ಮೇಷನ್ ಕಲಿಸುವ ವಿದ್ಯೆಯಲ್ಲ.

ಧಾರ್ವಾಡ_ಬ್ಲಿಟ್ಜ್

ನೋಡ್ರಿ, ಎಲ್ಲಾರೂ ಬ್ರೇಡಿ ಬ್ರೇಡಿ ಅಂತೀರಿ. ಬ್ರೇಡಿ ಕಾಲಿಡೂಕಿಂತ ಮೊದಲೇ, 2019ರ ಜನವರಿ 1ಕ್ಕ ಫಿಯೆಸ್ಟಾ ಬೌಲ್‌ನ್ಯಾಗ ಯುಸಿಎಫ್ ವಿರುದ್ಧ ಇದೇ ಬರ್ರೋ 394 ಯಾರ್ಡ್, 4 ಟಚ್‌ಡೌನ್ ಹೊಡದಿದ್ದ. 40-32 ಗೆದ್ರು. ಅದೂ ಇಂಟರ್‌ಸೆಪ್ಷನ್ ಆಗಿ, ಅದನ್ನ ತಡೀಲಿಕ್ಕೆ ಹೋದಾಗ ಭಾರೀ ಪೆಟ್ಟು ತಿಂದ ಮ್ಯಾಲೆ. ಅದಕ್ಕೂ ಮೊದಲ ಟೆಕ್ಸಸ್ ಎ ಆ್ಯಂಡ್ ಎಂ ಜೋಡಿ ಏಳು ಓವರ್‌ಟೈಮ್ ಆಡಿ 72-74ಕ್ಕ ಸೋತದ್ದೂ ಅದೇ ಸೀಸನ್ನು. ಏಣಿ ಹತ್ತೂದು ಆಗಲೇ ಶುರುವಾಗಿತ್ತು, ಕೋಚ್ ಬಂದು ಎರಡು ಮೆಟ್ಲ ಒಮ್ಮೆಲೇ ಹತ್ತಿಸಿದ.

ಇನ್ನ ಒಂದು. ಆಫೆನ್ಸಿವ್ ಕೋಆರ್ಡಿನೇಟರ್ ಸ್ಟೀವ್ ಎನ್ಸ್‌ಮಿಂಗರ್ ಹೆಸರು ಯಾರೂ ಎತ್ತಂಗಿಲ್ಲ. ಬ್ರೇಡಿ ಪಾಸಿಂಗ್ ಗೇಮ್ ಕೋಆರ್ಡಿನೇಟರ್. ಮನಿ ಕಟ್ಟಿದವರು ಇಬ್ಬರು, ಗೃಹಪ್ರವೇಶದ ಫೋಟೋದಾಗ ಮಾತ್ರ ಒಬ್ಬಾಂವ.

ಮೂರನೇ_ಡೌನ್

ಎನ್ಸ್‌ಮಿಂಗರ್ ವಿಷಯದಲ್ಲಿ ನಿಮ್ಮ ಮಾತಿಗೆ ತಲೆಬಾಗಿದೆ.

ಆದರೂ ಇಡೀ ವರ್ಷದ ಸಂಖ್ಯೆ ನೋಡಿ. 2018ರಲ್ಲಿ 379ಕ್ಕೆ 219, ಶೇ. 57.8. 2019ರಲ್ಲಿ 527ಕ್ಕೆ 402, ಶೇ. 76.3. ಹತ್ತಿರ ಹತ್ತಿರ ಸಣ್ಣ ಸಣ್ಣ ಎಸೆತ ಹಾಕಿ ಶೇಕಡಾವಾರು ಏರಿಸಿಕೊಂಡ ಅನ್ನುವಂತೆಯೂ ಇಲ್ಲ, ಯಾಕೆಂದರೆ ಪ್ರತಿ ಎಸೆತಕ್ಕೆ ಸಿಕ್ಕ ಯಾರ್ಡ್ 7.6ರಿಂದ 10.8ಕ್ಕೆ ಹೋಗಿದೆ. ಸಾಮಾನ್ಯವಾಗಿ ಇವೆರಡು ತಕ್ಕಡಿಯ ಎರಡು ತಟ್ಟೆ: ದೂರ ಎಸೆದರೆ ಗುರಿ ತಪ್ಪುವುದು ಹೆಚ್ಚು. ಇಲ್ಲಿ ಎರಡೂ ಒಟ್ಟಿಗೆ ಮೇಲೆದ್ದಿವೆ. ಬಿಡುವಾಗಿರುವ ರಿಸೀವರ್ ಬೇಗ ಸಿಕ್ಕರೆ ಮಾತ್ರ ಹೀಗಾಗುತ್ತದೆ.

ಹೊಸಬ_22

ಒಂದು ಪ್ರಶ್ನೆ, ಬೈಯಬೇಡಿ. ಬೇಗ ಸಿಗುವುದು ಅಂದರೆ ರಿಸೀವರ್ ವೇಗವಾಗಿ ಓಡಿದ ಅಂತಲೂ ಆಗಬಹುದಲ್ವಾ? ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಇದ್ದ ತಂಡದಲ್ಲಿ ಯಾರು ಎಸೆದರೂ ಹಿಡಿಯುತ್ತಿದ್ದರು ಅಂತ ನನ್ನ ಅನುಮಾನ.

ಉಡುಪಿ_ಆಡಿಬಲ್

ಬೈಯುವುದೆಂತಕ್ಕೆ, ಸರಿಯಾದ ಪ್ರಶ್ನೆಯೇ. ಆದರೆ ಆ ಇಬ್ಬರೂ 2018ರಲ್ಲೂ ಅದೇ ತಂಡದಲ್ಲಿದ್ದರು! ಚೇಸ್ ಆ ವರ್ಷ 23 ಕ್ಯಾಚ್, 313 ಯಾರ್ಡ್. ಮರುವರ್ಷ 1,780 ಯಾರ್ಡ್, 20 ಟಚ್‌ಡೌನ್, ಜೊತೆಗೆ ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ. ಜೆಫರ್ಸನ್ 54 ಕ್ಯಾಚ್‌ನಿಂದ 111ಕ್ಕೆ. ಅವನನ್ನು ಹೊರಬದಿಯಿಂದ ತಂದು ಸ್ಲಾಟ್‌ನಲ್ಲಿ, ಅಂದರೆ ಲೈನ್‌ಗೂ ಹೊರಗಿನ ರಿಸೀವರ್‌ಗೂ ನಡುವಿನ ಸಂದಿಯಲ್ಲಿ ನಿಲ್ಲಿಸಿದ್ದು ದೊಡ್ಡ ಬದಲಾವಣೆ. ಅಲ್ಲಿ ಎಡಕ್ಕೂ ಜಾಗ ಉಂಟು, ಬಲಕ್ಕೂ ಜಾಗ ಉಂಟು. ಕಾಯುವವನಿಗೆ ಸೈಡ್‌ಲೈನ್‌ನ ನೆರವು ಸಿಗುವುದಿಲ್ಲ.

ಅಲ್ಲಿ ಓಡುವುದು ಆಪ್ಷನ್ ರೂಟ್. ರಿಸೀವರ್ ಸುಮಾರು 6 ಯಾರ್ಡ್ ಹೋಗಿ ಕಾಯುವವನ ಭುಜ ನೋಡುತ್ತಾನೆ. ಅವನು ಒಳಗೆ ಒತ್ತಿ ನಿಂತರೆ ಹೊರಕ್ಕೆ ತಿರುವು, ಹೊರಗೆ ನಿಂತರೆ ಒಳಕ್ಕೆ, ಝೋನ್ ಆಗಿದ್ದರೆ ಖಾಲಿ ಜಾಗದಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್ ಕಡೆ ಮುಖ. ಎಸೆಯುವವನೂ ಅದೇ ಭುಜ ನೋಡಿ ಅದೇ ತೀರ್ಮಾನಕ್ಕೆ ಅದೇ ಕ್ಷಣ ಬರಬೇಕು. ರಿಸೀವರ್ ಹೊರಕ್ಕೆ ತಿರುಗಿ, ಚೆಂಡು ಒಳಕ್ಕೆ ಹೋದರೆ ಸೀದಾ ಎದುರಾಳಿಯ ಬಗಲಿಗೆ. ಆ ವರ್ಷ 527 ಎಸೆತದಲ್ಲಿ ಬರ್ರೋನ ಇಂಟರ್‌ಸೆಪ್ಷನ್ ಬರೀ 6. ಇಬ್ಬರ ಕಣ್ಣು ಒಂದೇ ಪುಟ ಓದುತ್ತಿತ್ತು ಅನ್ನಲಿಕ್ಕೆ ಬೇರೆ ಸಾಕ್ಷಿ ಬೇಡ.

ಸೆಕೆಂಡರಿ_ಸುಮಾ

ಲೈನ್‌ಮನ್‌ಗಳನ್ನೂ ಮರೆಯಬೇಡಿ. ಆ ವರ್ಷದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಎಲ್‌ಎಸ್‌ಯುಗೇ ಬಂತು. ಹೀಗಾಗಿ "ತೋಳಲ್ಲ, ಕಣ್ಣು" ಅನ್ನುವುದು ಕೇಳಲು ಚೆಂದ, ಆದರೆ ಕಣ್ಣಿಗೆ ನೋಡಲು ಸಮಯ ಕೊಟ್ಟವರು ಐವರಿದ್ದರು.

ಈಗ ಪಂದ್ಯಕ್ಕೆ ಬರೋಣವೇ? ಇದನ್ನು ಬೆವರು ಸುರಿಸಿ ಗೆದ್ದ ಪಂದ್ಯ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ವಿರಾಮಕ್ಕೆ 33-13 ಇತ್ತು. 20 ಅಂಕದ ಮುನ್ನಡೆ ಕೊನೆಗೆ 5ಕ್ಕೆ ಇಳಿಯಿತೆಂದರೆ ಅದು ಹೋರಾಟವೋ, ಕೈಯಾರೆ ತಂದುಕೊಂಡ ಪಜೀತಿಯೋ?

ಮೂರನೇ_ಡೌನ್

ಆ 33-13 ಮೋಸದ ಸಂಖ್ಯೆ ಮೇಡಂ. ವಿರಾಮಕ್ಕೆ ಅರ್ಧ ನಿಮಿಷ ಇದ್ದಾಗ 19-13. 26 ಸೆಕೆಂಡ್ ಉಳಿದಾಗ ಎಡ್ವರ್ಡ್ಸ್-ಹೆಲೇರ್ 1 ಯಾರ್ಡ್ ನುಗ್ಗಿ 26-13 ಮಾಡಿದ. ಅಲಬಾಮ ಚೆಂಡು ಹಿಡಿದು ಮಂಡಿಯೂರಿ, ಸಮಯ ಕಳೆದು ವಿರಾಮಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೊವಾ ಎಸೆದ ಚೆಂಡನ್ನು ಎಲ್‌ಎಸ್‌ಯು ಲೈನ್‌ಬ್ಯಾಕರ್ ಪ್ಯಾಟ್ರಿಕ್ ಕ್ವೀನ್ ಹಿಡಿದ. 6 ಸೆಕೆಂಡ್ ಇದ್ದಾಗ ಬರ್ರೋನಿಂದ ಎಡ್ವರ್ಡ್ಸ್-ಹೆಲೇರ್‌ಗೆ 13 ಯಾರ್ಡ್ ಟಚ್‌ಡೌನ್. ಕೊನೆಗೆ ಗೆದ್ದ ಅಂತರ 5, ಆ ಇಪ್ಪತ್ತು ಸೆಕೆಂಡಿನ ಉಡುಗೊರೆ 7. ಗಂಡಾಂತರ ಎಷ್ಟು ಹತ್ತಿರ ಇತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ.

ಮೂರನೇ ಕ್ವಾರ್ಟರ್‌ನಲ್ಲಿ ಎಲ್‌ಎಸ್‌ಯು ಗಳಿಸಿದ್ದು ಸೊನ್ನೆ. ನಾಲ್ಕನೆಯದರಲ್ಲಿ 33-27 ಆಯಿತು. ಬರ್ರೋನ ಸುಧಾರಣೆ ಅಂತ ನಾನು ತೋರಿಸುವುದು ಅಲ್ಲಿಂದ ಮುಂದಿನ ಎರಡು ಡ್ರೈವ್ (ಚೆಂಡು ತಮ್ಮ ಕೈಯಲ್ಲಿದ್ದ ಸರದಿ): 33-27 ಇದ್ದದ್ದು 39-27, ಅಲಬಾಮ 39-34ಕ್ಕೆ ತಂದಾಗ ಮತ್ತೆ 46-34. ಎರಡು ಸಲವೂ ಒಂದೇ ಟಚ್‌ಡೌನ್‌ನಿಂದ ಮುನ್ನಡೆ ಹೋಗುವ ಸ್ಥಿತಿ, ಎರಡು ಸಲವೂ ಉತ್ತರ ಟಚ್‌ಡೌನ್.

ಧಾರ್ವಾಡ_ಬ್ಲಿಟ್ಜ್

ಆ ಡ್ರೈವ್‌ನ್ಯಾಗ ಅಂವನ ಕಾಲು ನೋಡ್ರಿ, ಕೈ ಅಲ್ಲ. ಆ ದಿನ ಬರ್ರೋ ಓಡಿ ಗಳಿಸಿದ್ದು 64 ಯಾರ್ಡ್. ಕಾಲೇಜ್ ಲೆಕ್ಕದಾಗ ಸ್ಯಾಕ್‌ನ್ಯಾಗ (ಎಸೆಯೂಕಿಂತ ಮೊದಲ ಕ್ವಾರ್ಟರ್‌ಬ್ಯಾಕ್‌ನ ಕೆಡವಿದಾಗ) ಕಳಕೊಂಡ ಯಾರ್ಡೂ ಓಟದ ಖಾತೇಕ್ಕ ಖರ್ಚು ಬೀಳ್ತದ, ಅದನ್ನೂ ಕಳದು 64! ಹಿಂದಿನ ವರ್ಷ ಇದೇ ಅಲಬಾಮ ಎದುರು ಇಡೀ ತಂಡ ಕೂಡಿ ಓಡಿದ್ದು 12 ಯಾರ್ಡ್.

ಎಂಪ್ಟಿ ಇದ್ದಾಗ ಡಿಫೆನ್ಸ್ ಮ್ಯಾನ್ ಕವರೇಜ್ ಆಡಿದರ ಎಲ್ಲಾ ಲೈನ್‌ಬ್ಯಾಕರ್ ಬೆನ್ನು ತಿರುಗಿಸಿ ರಿಸೀವರ್ ಹಿಂದ ಓಡ್ತಾರ. ನಡುವ ಗುಡಿ ಅಂಗಳದಂಗ ಖಾಲಿ. ಕ್ವಾರ್ಟರ್‌ಬ್ಯಾಕ್ ಓಡಿದ್ರ ನೋಡೋರ ಯಾರೂ ಇಲ್ಲ. ಮೂರನೇ ಡೌನ್‌ಗೆ (10 ಯಾರ್ಡ್ ದಾಟಲಿಕ್ಕೆ ಸಿಗೋ ನಾಲ್ಕು ಯತ್ನದಾಗ ಮೂರನೇದು) ಇದನ್ನ ಎರಡು ಸಲ ಮಾಡಿದರ ಸಾಕು, ಆಮ್ಯಾಲೆ ಅವನ ಕಾವಲಿಗೆ ಒಬ್ಬ ಲೈನ್‌ಬ್ಯಾಕರ್‌ನ ಅಲ್ಲೇ ನಿಂದರಸಬೇಕು. ಅಂದ್ರ ರಿಸೀವರ್ ಕಾಯೋರೊಳಗ ಒಬ್ಬ ಕಡಿಮಿ ಆದ.

ಹೊಸಬ_22

ಹಾಗಾದರೆ ಈ ಎಂಪ್ಟಿಗೆ ಮದ್ದೇ ಇಲ್ಲವೇ?

ಸೆಕೆಂಡರಿ_ಸುಮಾ

ಇದೆ, ಎರಡು ವಾರ ಮುಂಚೆ ಅಕ್ಟೋಬರ್ 26ರಂದು ಆಬರ್ನ್ ತೋರಿಸಿತ್ತು. ನನ್ನ ಮಟ್ಟಿಗೆ ಆ ವರ್ಷದ ನಿಜವಾದ ಕಷ್ಟದ ಗೆಲುವು ಅದೇ, 23-20. ಎಲ್‌ಎಸ್‌ಯು ಇಡೀ ಸೀಸನ್‌ನಲ್ಲಿ ಗಳಿಸಿದ ಅತಿ ಕಡಿಮೆ ಅಂಕ.

ಆಬರ್ನ್‌ನ ಡಿಫೆನ್ಸಿವ್ ಕೋಆರ್ಡಿನೇಟರ್ ಕೆವಿನ್ ಸ್ಟೀಲ್ ಮಾಡಿದ್ದು 3-1-7. ಮೂವರು ಲೈನ್‌ಮನ್, ಒಬ್ಬ ಲೈನ್‌ಬ್ಯಾಕರ್, ಏಳು ಡಿಫೆನ್ಸಿವ್ ಬ್ಯಾಕ್. ಮೂವರೇ ನುಗ್ಗುತ್ತಾರೆ, ಎಂಟು ಜನ ಹಿಂದೆ ಸರಿದು ಪ್ರತಿ ಸಂದಿಗೂ ಒಬ್ಬೊಬ್ಬರನ್ನು ಕೂರಿಸುತ್ತಾರೆ. ಎಂಪ್ಟಿ ಕೇಳುವ ಪ್ರಶ್ನೆಯೇ "ನಿಮ್ಮಲ್ಲಿ ಯಾರು ನುಗ್ಗುತ್ತೀರಿ?" ಎಂಬುದು. "ಈ ಮೂವರ ಹೊರತು ಯಾರೂ ಇಲ್ಲ" ಎಂದು ಇವರ ಉತ್ತರ. ಆದರೆ ಇದಕ್ಕೆ ಒಂದು ಶರತ್ತಿದೆ: ಆ ಮೂವರು ಮೂರೇ ಜನ ಇದ್ದೂ ಐವರು ಲೈನ್‌ಮನ್‌ಗಳನ್ನು ಕದಲಿಸುವಂಥವರಾಗಿರಬೇಕು. ಆಬರ್ನ್‌ಗೆ ಡೆರಿಕ್ ಬ್ರೌನ್ ಇದ್ದ. ಅಂಥವನಿಲ್ಲದ ತಂಡ ಇದನ್ನು ನಕಲು ಹೊಡೆದರೆ ಕ್ವಾರ್ಟರ್‌ಬ್ಯಾಕ್ ಆರು ಸೆಕೆಂಡ್ ಆರಾಮಾಗಿ ನಿಂತು ಎಸೆಯುತ್ತಾನೆ. ಎಂಟು ಜನ ಇರಲಿ, ಹತ್ತು ಜನ ಇರಲಿ, ಆರು ಸೆಕೆಂಡ್ ಯಾರನ್ನೂ ಕಾಯಲಾಗದು.

ಬಿಡಿಸಿಕೊಂಡದ್ದು ಹೇಗೆ? ರನ್ನಿಂಗ್ ಬ್ಯಾಕ್‌ನನ್ನು ಮತ್ತೆ ಒಳಗೆ ತಂದು ಓಡಿಸಿದರು. ಮುಂದೆ ಇರುವುದೇ ನಾಲ್ವರು, ಅಕ್ಕಪಕ್ಕ ಬರುವವರು ಹಗುರ ಮೈಯವರು. ಎಡ್ವರ್ಡ್ಸ್-ಹೆಲೇರ್ 136 ಯಾರ್ಡ್ ಓಡಿದ. ಬರ್ರೋ 42ಕ್ಕೆ 32, ಎಸೆದ ಟಚ್‌ಡೌನ್ ಒಂದೇ. ದೂರದ ಎಸೆತದ ಆಸೆ ಬಿಟ್ಟು 5-6 ಯಾರ್ಡ್‌ನಲ್ಲಿ ಸಿಕ್ಕಿದ್ದನ್ನು ತೆಗೆದುಕೊಂಡ. ಹಿಂದಿನ ವರ್ಷದ ಬರ್ರೋ ಆಗಿದ್ದರೆ ಆ ಎಂಟು ಜನರ ಮಧ್ಯೆ ತೂರಿಸಲು ಹೋಗುತ್ತಿದ್ದ ಅಂತ ನನ್ನ ಊಹೆ. ಸುಧಾರಣೆಗೆ ಸಾಕ್ಷಿ ಕೇಳಿದರೆ 393 ಯಾರ್ಡಿನ ಪಂದ್ಯಕ್ಕಿಂತ ಮುಂಚೆ ನಾನು ಇದನ್ನೇ ಕೊಡುವುದು.

ಉಡುಪಿ_ಆಡಿಬಲ್

ಇದು ಭಾರೀ ಒಳ್ಳೆ ಪಾಯಿಂಟ್. ತಾಳ್ಮೆಗೂ ಅಂಕಪಟ್ಟಿಯಲ್ಲಿ ಒಂದು ಕಲಂ ಬೇಕಿತ್ತು.

ಇದರ ತದ್ವಿರುದ್ಧ ತುದಿ ಸೆಪ್ಟೆಂಬರ್ 7ರ ಟೆಕ್ಸಸ್ ಪಂದ್ಯ, 45-38. ಎಲ್‌ಎಸ್‌ಯು 37-31 ಮುಂದೆ, ಎರಡೂವರೆ ನಿಮಿಷ ಚಿಲ್ಲರೆ ಬಾಕಿ, ಮೂರನೇ ಡೌನ್‌ಗೆ 17 ಯಾರ್ಡ್ ಬೇಕು. ಹೆಚ್ಚಿನ ಕೋಚ್‌ಗಳು ಓಡಿಸಿ, ಗಡಿಯಾರ ತಿನ್ನಿಸಿ, ಪಂಟ್ ಮಾಡುತ್ತಾರೆ, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಡುತ್ತಾರೆ. ಟೆಕ್ಸಸ್ ಬ್ಲಿಟ್ಜ್ ಕಳುಹಿಸಿತು, ಅಂದರೆ ಹೆಚ್ಚುವರಿ ಆಳು ನುಗ್ಗಿಸಿತು. ಬರ್ರೋ ಒತ್ತಡದಿಂದ ಬದಿಗೆ ಸರಿದು, ಪಾದ ಪೂರ್ತಿ ಊರುವ ಮೊದಲೇ ನಡುವಿಗೆ ಬಿಟ್ಟ. ಜೆಫರ್ಸನ್ ಹಿಡಿದು 61 ಯಾರ್ಡ್ ಟಚ್‌ಡೌನ್. ಬ್ಲಿಟ್ಜ್ ಬಂದ ಜಾಗವೇ ಖಾಲಿ ಜಾಗ ಅನ್ನುವುದು ಪಾಠದಲ್ಲಿ ಎಲ್ಲರಿಗೂ ಗೊತ್ತು. ಮುಖದ ಮೇಲೆ ಆಳು ಬರುವಾಗ ನೆನಪಾಗುವುದು ಕೆಲವರಿಗೆ ಮಾತ್ರ.

ತಮಾಷೆ ಎಂತ ಗೊತ್ತುಂಟಾ, ಟೆಕ್ಸಸ್ ಎದುರೂ 39ಕ್ಕೆ 31, ಅಲಬಾಮ ಎದುರೂ 39ಕ್ಕೆ 31.

ಮೈಸೂರ್_ಪಾಕೆಟ್

ತಡವಾಗಿ ಬಂದೆ. ಎಲ್ಲರೂ ಒಂದು ಕಡೆಯನ್ನೇ ನೋಡುತ್ತಿದ್ದೀರಿ. ಟುವಾ ಆ ದಿನ ಆಡಿದ್ದೇ ಪವಾಡ. ಅಕ್ಟೋಬರ್ 19ರಂದು ಟೆನೆಸ್ಸಿ ಎದುರು ಬಲಗಾಲಿನ ಹೈ ಆ್ಯಂಕಲ್ ಉಳುಕು, ಮರುದಿನವೇ ಶಸ್ತ್ರಚಿಕಿತ್ಸೆ, ಇಪ್ಪತ್ತೇ ದಿನಕ್ಕೆ ಮೈದಾನ. ಮಾಮೂಲಿ ಉಳುಕಲ್ಲ ಇದು. ಮೊಣಕಾಲ ಕೆಳಗಿನ ಎರಡು ಮೂಳೆಗಳನ್ನು ಹರಡಿನ ಮೇಲೆ ಬಿಗಿದಿಡುವ ಅಸ್ಥಿರಜ್ಜುವಿನದು. ಮೂಳೆಗೆ ತೂತು ಕೊರೆದು ಗಟ್ಟಿ ದಾರ ಹಾಯಿಸಿ ಎರಡನ್ನೂ ಬಿಗಿಯುತ್ತಾರೆ. ಟುವಾ ಎಡಗೈಯವನು, ಅಂದರೆ ಎಸೆಯುವಾಗ ಮುಂದೆ ಊರುವ ಕಾಲೇ ಬಲಗಾಲು. ಪೂರ್ತಿ ಭಾರ ಅದರ ಮೇಲೆ. ಅದರಲ್ಲೂ 418 ಯಾರ್ಡ್, 4 ಟಚ್‌ಡೌನ್. ಆದರೆ 40ಕ್ಕೆ 21 ಮಾತ್ರ. ಆತ ಗಟ್ಟಿ ಕಾಲಲ್ಲಿ ನಿಂತಿದ್ದರೆ ಈ ಚರ್ಚೆಯ ಶೀರ್ಷಿಕೆಯೇ ಬೇರೆ ಇರುತ್ತಿತ್ತು.

ಧಾರ್ವಾಡ_ಬ್ಲಿಟ್ಜ್

"ಇದ್ದಿದ್ದರ" ಅನ್ನೋದಕ್ಕ ಅಂಕ ಕೊಡೂದಿಲ್ಲರಿ ಸಾಹೇಬ್ರ! ಆದರ ನಿಮ್ಮ ಮಾತು ಖರೇ. ಅಲಬಾಮದ ರಿಸೀವರ್ ಡೆವೊಂಟಾ ಸ್ಮಿತ್ ಒಬ್ಬಾಂವನ 213 ಯಾರ್ಡ್ ತಿಂದ. ಜೇಲೆನ್ ವಾಡಲ್ ಪಂಟ್ ಹಿಡದು 77 ಯಾರ್ಡ್ ಓಡಿದ. ಎಲ್‌ಎಸ್‌ಯು ಡಿಫೆನ್ಸ್ ಅವತ್ತು ಗೆಲ್ಲಿಸಲಿಲ್ಲ, ಸೋಲಿಸಲೂ ಇಲ್ಲ. ಅಷ್ಟ.

ಹೊಸಬ_22

ಕೊನೆಯ ಒಂದೂವರೆ ನಿಮಿಷ ಯಾರಾದರೂ ಬಿಡಿಸಿ ಹೇಳುತ್ತೀರಾ? 46-34 ಆದಮೇಲೂ ಎಲ್‌ಎಸ್‌ಯು ಬೆಂಚಿನಲ್ಲಿ ಯಾರೂ ಕುಣಿಯಲಿಲ್ಲ ಯಾಕೆ? ಮತ್ತೆ ಅಂಕವೆಲ್ಲ 7ರ ಮಗ್ಗಿಯಲ್ಲಿ ಬರದೆ ಚಿತ್ರವಿಚಿತ್ರ ಇದೆ.

ಮೂರನೇ_ಡೌನ್

ಮೊದಲು ವಿಚಿತ್ರ ಅಂಕದ ಲೆಕ್ಕ. ಟಚ್‌ಡೌನ್‌ಗೆ 6, ಅದರ ಮೇಲಿನ ಕಿಕ್‌ಗೆ 1; ಕಿಕ್ ಬೇಡ ಅಂದರೆ ಒಂದೇ ಪ್ರಯತ್ನದಲ್ಲಿ ಮತ್ತೆ ಎಂಡ್‌ಝೋನ್ ಸೇರಿ 2. ಎಲ್‌ಎಸ್‌ಯು 10-7ರಿಂದ 16-7ಕ್ಕೆ ಹೋದಾಗ ಹೆಚ್ಚುವರಿ ಅಂಕ ದಕ್ಕಲಿಲ್ಲ. ಅಲಬಾಮಕ್ಕೂ 16-13ರಲ್ಲಿ ಹಾಗೇ ಆಯಿತು. 33-27 ಇದ್ದಾಗ ಟಚ್‌ಡೌನ್ ಹೊಡೆದು 39 ಆದಮೇಲೆ ಎಲ್‌ಎಸ್‌ಯು 2ಕ್ಕೆ ಕೈಹಾಕಿತು, ಯಾಕೆಂದರೆ 41-27 ಆದರೆ ಅಂತರ 14, ಸರಿಯಾಗಿ ಎರಡು ಟಚ್‌ಡೌನ್. ಅದೂ ಸಿಗಲಿಲ್ಲ.

46-34 ಅಂದರೆ 12ರ ಅಂತರ, 1:37 ಬಾಕಿ. ಅಲಬಾಮಕ್ಕೆ ಎರಡು ಟಚ್‌ಡೌನ್ ಬೇಕು. ಸ್ಮಿತ್ 85 ಯಾರ್ಡ್ ಪಾಸ್‌ನಲ್ಲಿ ಒಂದನ್ನು ಹದಿನಾರೇ ಸೆಕೆಂಡಿನಲ್ಲಿ ಮುಗಿಸಿಬಿಟ್ಟ. 46-41, 1:21 ಬಾಕಿ. ಫೀಲ್ಡ್ ಗೋಲ್ 3 ಅಂಕ, ಅಂತರ 5, ಆದ್ದರಿಂದ ಇನ್ನೊಂದು ಟಚ್‌ಡೌನ್ ಆಗಲೇಬೇಕು. ಚೆಂಡು ಕೊಟ್ಟರೆ ಕಥೆ ಮುಗಿಯಿತು. ಹಾಗಾಗಿ ಆನ್‌ಸೈಡ್ ಕಿಕ್, ಅಂದರೆ ಚೆಂಡನ್ನು ಮತ್ತೆ ತಾವೇ ಹಿಡಿಯುವ ಆಸೆಯ ಗಿಡ್ಡ ಒದೆತ.

ಸೆಕೆಂಡರಿ_ಸುಮಾ

ಆನ್‌ಸೈಡ್‌ನಲ್ಲಿ ಚೆಂಡು 10 ಯಾರ್ಡ್ ದಾಟಬೇಕು, ಇಲ್ಲವೇ ಎದುರಾಳಿ ಮೊದಲು ಮುಟ್ಟಿರಬೇಕು. ಅಲ್ಲಿಯವರೆಗೆ ಒದ್ದ ತಂಡ ಅದನ್ನು ಹಿಡಿಯುವಂತಿಲ್ಲ. ಒದೆಯುವವನು ಚೆಂಡಿನ ಮೇಲ್ತುದಿಗೆ ಹೊಡೆದು ನೆಲಕ್ಕೆ ಬಡಿಸುತ್ತಾನೆ, ಒಂದೆರಡು ಸಣ್ಣ ಪುಟಿತದ ಮೇಲೆ ಎತ್ತರಕ್ಕೆ ಜಿಗಿಯಲಿ ಅಂತ. ಅದಕ್ಕೇ ಎದುರು ತಂಡ ಅಲ್ಲಿ ಭಾರೀ ಮೈಯವರನ್ನು ಬಿಟ್ಟು ಕೈ ಗಟ್ಟಿ ಇರುವ ರಿಸೀವರ್‌ಗಳನ್ನು ನಿಲ್ಲಿಸುತ್ತದೆ. ಚೆಂಡು ಹಿಡಿದದ್ದು ಜೆಫರ್ಸನ್.

ಅಲ್ಲಿಂದ ಲೆಕ್ಕ ಗಡಿಯಾರದ್ದು. ಎದುರಾಳಿ ಬಳಿ ಟೈಮ್‌ಔಟ್ ಇಲ್ಲದಿದ್ದರೆ ಒಮ್ಮೆ ಮಂಡಿಯೂರಿದರೆ ಆಟಕ್ಕೆ ಎರಡು ಸೆಕೆಂಡ್, ನಂತರದ ಪ್ಲೇ ಕ್ಲಾಕ್ 40 ಸೆಕೆಂಡ್. 1:20 ಇದ್ದರೆ ಎರಡು ಸಲ ಊರಿದರೆ ಮುಗಿಯಿತು. ಟೈಮ್‌ಔಟ್ ಒಂದೊಂದು ಉಳಿದಷ್ಟೂ ಆ 40 ಸೆಕೆಂಡ್ ಎದುರಾಳಿ ಜೇಬಿಗೆ ವಾಪಸ್. ಆಗ ಮಂಡಿಯೂರಿದರೆ ಸಾಲದು, ಓಡಿ 10 ಯಾರ್ಡ್ ತೆಗೆಯಬೇಕು. ಓಡುವವನು ಸೈಡ್‌ಲೈನ್ ದಾಟಿದರೆ ಗಡಿಯಾರ ನಿಲ್ಲುತ್ತದೆ, ಆದ್ದರಿಂದ ಒಳಗೇ ಬೀಳಬೇಕು.

ಮೈಸೂರ್_ಪಾಕೆಟ್

2019ರ ನಿಯಮದಲ್ಲಿ ಇನ್ನೊಂದು ತೊಡಕಿತ್ತು, ಸೇರಿಸಿಕೊಳ್ಳಿ. ಆಗ ಕಾಲೇಜ್ ಆಟದಲ್ಲಿ ಪ್ರತಿ ಫಸ್ಟ್ ಡೌನ್‌ಗೂ ಕೋಲು-ಸರಪಳಿ ಜರುಗಿಸುವವರೆಗೆ ಗಡಿಯಾರ ನಿಲ್ಲುತ್ತಿತ್ತು. 2023ರಿಂದ ಪ್ರತಿ ಅರ್ಧದ ಕೊನೆಯ ಎರಡು ನಿಮಿಷಕ್ಕೆ ಮಾತ್ರ ಹಾಗೆ.

ಹೊಸಬ_22

ಹಾಗಿದ್ದರೆ ಈ ನಿಯಮ ಬದಲಾದರೂ ಆ ಕೊನೆಯ 1:21ಕ್ಕೆ ಏನೂ ವ್ಯತ್ಯಾಸವಿಲ್ಲ, ಅಲ್ವಾ?

ಮೈಸೂರ್_ಪಾಕೆಟ್

ಹೌದು, ಅದಕ್ಕೆ ಏನೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಆಗುವುದು ನಾಲ್ಕನೇ ಕ್ವಾರ್ಟರ್‌ನ ಮೊದಲ ಹದಿಮೂರು ನಿಮಿಷಕ್ಕೆ. 33-27ರಿಂದ 39-27ಕ್ಕೆ ಹೋದ ಡ್ರೈವ್ ಈಗ ಆಡಿದ್ದರೆ ಇನ್ನಷ್ಟು ಗಡಿಯಾರ ತಿನ್ನುತ್ತಿತ್ತು.